ಬರುವ ಮಾಸಗಳಲ್ಲಿ ನಮ್ಮ ಬಸವನಗುಡಿ

ಆಷಾಢವು ಮುಗಿಯುತ್ತ ಬಂದಿರುವುದು. ಬಾಗಿಲ ಸಂದಿಯಿಂದ ಆಹ್ವಾನಪತ್ರಿಕೆಗಳು ಒಳಗೆ ಬೀಳಲು ಮೊದಲಾಗಿರುವುವು. ಈಚೆಗೆ ಇಂತಹ ಕರೆಗಳಲ್ಲಿ ಹೆಚ್ಚಿನವು ಕೈಯಲ್ಲಿರುವ ಫೋನಿಗೇ ಬರುವುವಾದರೂ, ನಮ್ಮ ಬಸವನಗುಡಿ, ಚಾಮರಾಜಪೇಟೆಗಳ ಕೆಲವು ಹಳೆಯ ಸಂಸ್ಥೆಗಳವರು ಇನ್ನೂ ಕಾಗದದಲ್ಲಿ ಅಚ್ಚು ಹಾಕಿಸಿ, ಅರಿಸಿನದ ಬೊಟ್ಟಿಟ್ಟು, ಯಾರಾದರೂ ಹುಡುಗನ ಕೈಯಲ್ಲಿ ಕಳುಹಿಸುವ ಪದ್ಧತಿಯನ್ನು ಬಿಟ್ಟಿಲ್ಲ. ನಮ್ಮ ಮನೆಯವರು ಅವುಗಳನ್ನೆಲ್ಲ ಪಂಚಾಂಗದ ಪಕ್ಕದ ಮೊಳೆಗೆ ಸಿಕ್ಕಿಸಿಡುವರು. ಉಪಾಕರ್ಮದ ಹೊತ್ತಿಗೆ ಆ ಮೊಳೆಯ ಮೇಲೆ ಪಂಚಾಂಗವೇ ಕಾಣದಂತಾಗುವುದು.

ಈ ಬಾರಿ ಆ ಕಂತೆಯನ್ನು ಬಿಚ್ಚಿ ನೋಡುತ್ತ ಕುಳಿತಾಗ ನಮಗೆ ಒಂದು ವಿಚಾರ ಹೊಳೆಯಿತು. ಶ್ರಾವಣದಿಂದ ಚೈತ್ರದವರೆಗೆ ಈ ನಮ್ಮ ಎರಡು ಮೂರು ಮೈಲಿಯ ಸುತ್ತಿನೊಳಗೆ ನಡೆಯುವ ಉತ್ಸವ, ಉಪನ್ಯಾಸ, ಸಂಗೀತ, ದಾನಧರ್ಮಗಳ ವಿಚಾರವನ್ನು ಗೃಹಸ್ಥರ ದೃಷ್ಟಿಯಿಂದ ಒಮ್ಮೆ ಬರೆದಿಟ್ಟರೆ ವಾಚಕರಿಗೆ ಉಪಯೋಗವಾದೀತಲ್ಲವೆ? ಯಾವುದಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬಹುದು, ಯಾವುದಕ್ಕೆ ಹೋಗದಿದ್ದರೂ ನಷ್ಟವಿಲ್ಲ, ಯಾವುದಕ್ಕೆ ಕೈಯಲ್ಲಿ ಏನನ್ನು ಹಿಡಿದು ಹೋಗಬೇಕು ಎಂಬಷ್ಟನ್ನು ಹೇಳುವುದು ನಮ್ಮ ಉದ್ದೇಶ. ದಾನದ ವಿಷಯದಲ್ಲಿ ಮಾತ್ರ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿರುವುದರಿಂದ ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವೆವು.

ಮೊದಲು ಊರಿನ ವಿಚಾರವಾಗಿ ಎರಡು ಮಾತು. ಬಸವನಗುಡಿ ಬಡಾವಣೆಯು ಬೆಳೆದದ್ದು 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು, ಪೇಟೆಯ ಇಕ್ಕಟ್ಟಿನ ಓಣಿಗಳಿಂದ ಜನರು ಗಾಳಿ ಬೆಳಕಿರುವ ಕಡೆಗೆ ಹೊರಟ ಕಾಲದಲ್ಲಿ. ಪ್ರಾಣಭಯದಿಂದ ಬಂದು ನೆಲೆಸಿದವರು ಆಮೇಲೆ ಕಟ್ಟಿಕೊಂಡದ್ದು ಪಾಠಶಾಲೆ, ವಾಚನಾಲಯ, ಸಂಗೀತಸಭೆಗಳನ್ನು. ಪಕ್ಕದ ಚಾಮರಾಜಪೇಟೆಯಲ್ಲಿ ಸಾಹಿತ್ಯ ಪರಿಷತ್ತಿನ ಮಂದಿರವಾಯಿತು. ಒಂದೇ 1945ನೆಯ ಇಸವಿಯಲ್ಲಿ, ಮಹಾಯುದ್ಧವು ಇನ್ನೂ ಮುಗಿಯದಿದ್ದಾಗ, ಈ ಭಾಗದಲ್ಲಿ ಎರಡು ಸಂಸ್ಥೆಗಳು ಹುಟ್ಟಿದುವು. ಫೆಬ್ರವರಿ ತಿಂಗಳಿನಲ್ಲಿ ಡಿ. ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನೂ, ಆಗಸ್ಟ್ 11ರಂದು ಬಿ. ಪಿ. ವಾಡಿಯಾ ಅವರೂ ಅವರ ಪತ್ನಿ ಸೋಫಿಯಾ ವಾಡಿಯಾ ಅವರೂ ವರ್ಲ್ಡ್ ಕಲ್ಚರ್ ಸಂಸ್ಥೆಯನ್ನೂ ಆರಂಭಿಸಿದರು. ಅಕ್ಕಿಯನ್ನು ಪಡಿತರದ ಚೀಟಿಯಿಂದ ತರುತ್ತಿದ್ದ ದಿನಗಳಲ್ಲಿ ಜನರು ಉಪನ್ಯಾಸ ಮಂದಿರಗಳನ್ನು ಕಟ್ಟಿದರೆಂಬುದನ್ನು ನೆನೆದಾಗಲೆಲ್ಲ ನಮಗೆ ಆಶ್ಚರ್ಯವಾಗುವುದು.

ಈ ಎರಡು ಕಡೆಗಳಲ್ಲಿಯೂ ಬರುವ ವಾರಗಳಲ್ಲಿ ಉಪನ್ಯಾಸಗಳುಂಟು. ವರ್ಲ್ಡ್ ಕಲ್ಚರ್‌ನವರಿಗೆ ಆಗಸ್ಟ್ ತಿಂಗಳು ವಾರ್ಷಿಕೋತ್ಸವದ ಕಾಲ. ಪ್ರವೇಶಕ್ಕೆ ಹಣವಿಲ್ಲ, ಯಾರು ಬೇಕಾದರೂ ಹೋಗಬಹುದು. ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಸ್ಥಾಪಿಸಿದ ಬೆಂಗಳೂರು ವಿಜ್ಞಾನ ವೇದಿಕೆಯ ಬುಧವಾರದ ಉಪನ್ಯಾಸಗಳು ಈ ಭಾಗದವರಿಗೆಲ್ಲ ಪರಿಚಿತವಾದುವು. ನರಸಿಂಹಯ್ಯನವರು ಭೌತಶಾಸ್ತ್ರದ ಅಧ್ಯಾಪಕರಾಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರಾದರೂ, 2005ರಲ್ಲಿ ಕಾಲವಾಗುವವರೆಗೆ ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿಯೇ ವಾಸವಾಗಿದ್ದರು. ಪ್ರಶ್ನೆ ಕೇಳದ ಹುಡುಗನನ್ನು ಕಂಡರೆ ಅವರಿಗೆ ಬೇಸರ. ನಾವೋ ಸಂಸ್ಕೃತದವರು, ಅವರ ಎಲ್ಲ ಮತಗಳನ್ನೂ ಒಪ್ಪಿದವರಲ್ಲ. ಆದರೂ ನಮ್ಮ ಶಾಲೆಯ ಮಕ್ಕಳನ್ನು ಆ ಸಭೆಗಳಿಗೆ ಕಳುಹಿಸುತ್ತಿದ್ದೆವು. ಪೂರ್ವಪಕ್ಷವನ್ನು ಬಲವಾಗಿ ಹೇಳುವವನು ಎದುರಿಗಿಲ್ಲದಿದ್ದರೆ ಸಿದ್ಧಾಂತಕ್ಕೆ ಕಳೆಯೆಲ್ಲಿ?

ಹೋದ ವರ್ಷ ಇಂತಹ ಒಂದು ಉಪನ್ಯಾಸದಲ್ಲಿ ಉಪಾಧ್ಯಾಯನ ಹಳೆಯ ಚಾಳಿಯಿಂದ ನಾವು ಹಾಜರಿಯನ್ನು ಎಣಿಸಿದೆವು. ಸಭೆಯಲ್ಲಿದ್ದವರು ಮೂವತ್ತೊಂದು ಮಂದಿ. ಅವರಲ್ಲಿ ತಲೆ ಕಪ್ಪಾಗಿದ್ದವರು ಐವರು, ಆ ಐವರಲ್ಲಿ ಇಬ್ಬರ ಕಪ್ಪು ಸಂದೇಹಾಸ್ಪದ. ಇಪ್ಪತ್ತರ ಕೆಳಗಿನ ಒಬ್ಬಳೇ ಹುಡುಗಿ ತನ್ನ ತಾತನನ್ನು ಕೈಹಿಡಿದು ಕರೆತಂದವಳು, ಕೊನೆಯವರೆಗೂ ಕುಳಿತು ಎರಡು ಪ್ರಶ್ನೆ ಕೇಳಿದಳು. ಆ ಸಂಜೆಯ ಉತ್ತಮ ಪ್ರಶ್ನೆಗಳು ಅವೇ. ಮಕ್ಕಳಿಗೆ ರುಚಿಯಿಲ್ಲವೆಂದು ದೂರುವ ತಂದೆತಾಯಿಗಳು ಒಮ್ಮೆಯಾದರೂ ಅವರನ್ನು ಜೊತೆಯಲ್ಲಿ ಕೂರಿಸಿಕೊಂಡು ನೋಡಿದ್ದಾರೆಯೆ? ವರ್ಲ್ಡ್ ಕಲ್ಚರ್‌ನ ಪುಸ್ತಕಭಂಡಾರದಲ್ಲಿ ಮಕ್ಕಳಿಗೆಂದೇ ಬೇರೆ ವಿಭಾಗವುಂಟು. ಮೊದಲು ಅಲ್ಲಿಂದ ಆರಂಭಿಸಿದರೆ ಸಾಕು.

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವು ಸ್ವಾತಂತ್ರ್ಯ ದಿನದ ಹೊತ್ತಿಗೂ, ಮತ್ತೆ ಜನವರಿಯಲ್ಲಿ ಗಣರಾಜ್ಯ ದಿನದ ಹೊತ್ತಿಗೂ ನಡೆಯುವುದು. 1889ರಲ್ಲಿ ಅಡಿಗಲ್ಲಿಟ್ಟ ಗಾಜಿನ ಮನೆಯನ್ನು ನೋಡಬೇಕೆಂಬವರು ರಜಾದಿನವನ್ನು ಬಿಟ್ಟು ಬೆಳಗಿನ ಹೊತ್ತು ಹೋಗತಕ್ಕದ್ದು. ರಜಾದಿನ ಹೋದವರಿಗೆ ಹೂವಿಗಿಂತ ಬೆನ್ನುಗಳೇ ಹೆಚ್ಚಾಗಿ ಕಾಣಿಸುವುವು.

ಭಾದ್ರಪದದ ಚೌತಿಯಿಂದ ಗಣೇಶೋತ್ಸವ. ಎ. ಪಿ. ಎಸ್. ಕಾಲೇಜಿನ ಮೈದಾನದಲ್ಲಿ ವಿದ್ಯಾರಣ್ಯ ಯುವಕ ಸಂಘದವರು 1962ರಿಂದ ನಡೆಸಿಕೊಂಡು ಬಂದಿರುವ ಉತ್ಸವವು ಸಂಗೀತಗಾರರ ದೊಡ್ಡ ದೊಡ್ಡ ಹೆಸರುಗಳಿಂದ ಪ್ರಸಿದ್ಧವಾಗಿರುವುದು. ಬೀದಿ ಬೀದಿಯ ಚಿಕ್ಕ ಚಪ್ಪರಗಳೂ ಉಂಟು. ಅವುಗಳಲ್ಲಿ ಕೆಲವರು ರಕ್ತದಾನದ ಏರ್ಪಾಡನ್ನು ಮಾಡುವುದು ನಮಗೆ ಬಹಳ ಮೆಚ್ಚಿಗೆಯಾದ ವಿಷಯ. ಇದರ ಬಗ್ಗೆ ಮನೆಗಳಲ್ಲಿ ಇನ್ನೂ ಹೆದರಿಕೆಯಿರುವುದರಿಂದ ಒಂದೆರಡು ಸಂಗತಿಗಳನ್ನು ತಿಳಿಸುವೆವು. ಹದಿನೆಂಟರಿಂದ ಅರುವತ್ತೈದು ವಯಸ್ಸಿನೊಳಗೆ, ಕನಿಷ್ಠ 45 ಕಿಲೋ ತೂಕವಿದ್ದು ಆರೋಗ್ಯವಾಗಿರುವವರು ಕೊಡಬಹುದು. ಒಮ್ಮೆಗೆ ತೆಗೆಯುವುದು 350 ಅಥವಾ 450 ಮಿಲಿಲೀಟರು ಮಾತ್ರ. ಪುರುಷರು ಮೂರು ತಿಂಗಳಿಗೊಮ್ಮೆ, ಸ್ತ್ರೀಯರು ನಾಲ್ಕು ತಿಂಗಳಿಗೊಮ್ಮೆ ಕೊಡಲು ಅಡ್ಡಿಯಿಲ್ಲ. ಹಸಿದ ಹೊಟ್ಟೆಯಲ್ಲಿ ಮಾತ್ರ ಹೋಗಕೂಡದು. ಚೌತಿಯ ಉಪವಾಸವನ್ನು ಹಿಡಿದವರು ಮರುದಿನ ಕೊಟ್ಟರೆ ಗಣಪತಿಗೆ ಕೋಪ ಬರಲಾರದು.

ನವರಾತ್ರಿಯ ಬೊಂಬೆಗಳ ವಿಚಾರವನ್ನು ನಾವು ಬರೆಯುವುದಕ್ಕಿಂತ ನಮ್ಮ ಮನೆಯವರು ಬರೆದರೆ ಚೆನ್ನಾಗಿರುತ್ತದೆ. ಪಟ್ಟದ ಬೊಂಬೆಗಳಿಗೆ ಸೀರೆ ಉಡಿಸುವ ಕೆಲಸವು ಈ ತಿಂಗಳಿನಿಂದಲೇ ಆರಂಭವಾಗುವುದೆಂದು ಮಾತ್ರ ಬಲ್ಲೆವು, ಏಕೆಂದರೆ ನಮ್ಮ ಹಳೆಯ ಜರಿಯಂಚಿನ ಪಂಚೆಗಳು ಈ ಋತುವಿನಲ್ಲಿಯೇ ಕಾಣೆಯಾಗುತ್ತವೆ.

ನವೆಂಬರು ಒಂದನೆಯ ತಾರೀಖು ರಾಜ್ಯೋತ್ಸವ. 1956ರಲ್ಲಿ ಹರಿದು ಹಂಚಿದ್ದ ಕನ್ನಡ ಸೀಮೆಗಳು ಒಂದಾದುವು, 1973ರಲ್ಲಿ ಅದೇ ದಿನ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಬೀದಿಗಳಲ್ಲಿ ಧ್ವನಿವರ್ಧಕದ ಆರ್ಭಟವೇ ಹೆಚ್ಚಾಗಿರುವ ಈ ದಿನಗಳಲ್ಲಿ, ಕನ್ನಡಕ್ಕಾಗಿ ಏನಾದರೂ ಮಾಡಬೇಕೆಂಬ ಗೃಹಸ್ಥರು ಮಕ್ಕಳನ್ನು ಕರೆದುಕೊಂಡು ಚಾಮರಾಜಪೇಟೆಯ ಪರಿಷತ್ತಿಗೆ ಹೋಗಿ ಬರುವುದೊಳ್ಳೆಯದು. 1915ರ ಮೇ 5ರಂದು ಸ್ಥಾಪಿತವಾದ ಆ ಸಂಸ್ಥೆಯ ಮೊದಲ ಅಧ್ಯಕ್ಷರು ಎಚ್. ವಿ. ನಂಜುಂಡಯ್ಯನವರು. ಎಂಟು ಸಂಪುಟಗಳ ಕನ್ನಡ ನಿಘಂಟು ಅಲ್ಲಿಂದ ಹೊರಬಂದುದು. ನಮ್ಮ ಮನೆಯಲ್ಲಿ ಪದಗಳ ಅರ್ಥದ ಮೇಲೆ ಜಗಳ ಬಂದರೆ ತೀರ್ಪು ಅದರದೇ. ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳ ಹೆಸರನ್ನು ಈಗಿನ ಮಕ್ಕಳು ಕೇಳಿಯೇ ಇಲ್ಲ. ಶಾಲೆಗೆ ಹೋಗಲಾಗದೆ ಮನೆಯಲ್ಲಿಯೇ ಉಳಿದ ಎಷ್ಟೋ ಹೆಣ್ಣುಮಕ್ಕಳು, ಮದುವೆಯಾಗಿ ಮಕ್ಕಳಾದ ಮೇಲೆ, ಒಲೆಯ ಮುಂದೆ ಛಂದಸ್ಸನ್ನು ಓದಿ ಈ ಪರೀಕ್ಷೆಗಳಿಗೆ ಕುಳಿತರು. ನಮ್ಮ ಸೋದರತ್ತೆ ಅವರಲ್ಲೊಬ್ಬರು. ಅವರು ‘ಜಾಣ’ ಆದ ದಿನ ನಮ್ಮ ಮಾವ ಬೀದಿಯವರಿಗೆಲ್ಲ ಸಕ್ಕರೆ ಹಂಚಿದರು, ಆಮೇಲೆ ಮೂರು ದಿನ ಅವರ ಮುಂದೆ ಕನ್ನಡ ಮಾತನಾಡಲು ಹೆದರಿದರು.

ಈಗ ಕಡಲೆಕಾಯಿ ಪರಿಷೆಯ ವಿಚಾರ. ಕಾರ್ತಿಕಮಾಸದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ನೆರೆಯುವ ಈ ಪರಿಷೆಯೇ ನಮ್ಮ ಭಾಗದ ನಿಜವಾದ ಹಬ್ಬ. ಗುಡಿಯನ್ನು ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ಹೇಳುವರು. ಸುಂಕೇನಹಳ್ಳಿಯ ರೈತರ ಕಡಲೆಕಾಯಿ ಹೊಲಕ್ಕೆ ದಿನವೂ ರಾತ್ರಿ ಒಂದು ಬಸವ ಬಂದು ಮೇಯುತ್ತಿತ್ತು, ರೈತನೊಬ್ಬನು ಬಡಿಗೆಯಿಂದ ಹೊಡೆಯಲು ಅದು ಕಲ್ಲಾಗಿ ನಿಂತಿತು, ಪಶ್ಚಾತ್ತಾಪದಿಂದ ರೈತರು ಗುಡಿ ಕಟ್ಟಿ ವರ್ಷದ ಮೊದಲ ಬೆಳೆಯನ್ನು ಒಪ್ಪಿಸತೊಡಗಿದರು, ಇದು ಐತಿಹ್ಯ. ಇಲ್ಲಿ ಸಂಸ್ಕೃತದ ಮೇಷ್ಟರಿಗೊಂದು ತೊಡಕುಂಟು. ನೆಲಗಡಲೆಯು ದಕ್ಷಿಣ ಅಮೆರಿಕದ ಗಿಡ. ಯೂರೋಪಿನವರ ಹಡಗುಗಳು ಓಡಾಡತೊಡಗಿದ ಮೇಲೆಯೇ ಅದು ನಮ್ಮ ದೇಶಕ್ಕೆ ಬಂದುದು. ಅಮರಕೋಶದಲ್ಲಿ ಎಷ್ಟು ಹುಡುಕಿದರೂ ಅದಕ್ಕೆ ಹೆಸರಿಲ್ಲ. 1537ಕ್ಕೆ ಮುಂಚೆಯೇ ಸುಂಕೇನಹಳ್ಳಿಯ ಹೊಲಗಳಲ್ಲಿ ಅದು ತುಂಬಿ ಬೆಳೆದಿತ್ತೆನ್ನುವುದು ಕಷ್ಟ. ಬಸವಣ್ಣ ಮೊದಲು, ಕಡಲೆಕಾಯಿ ಆಮೇಲೆ, ಕಥೆ ಎಲ್ಲಕ್ಕೂ ಕೊನೆ ಎಂದು ನಮ್ಮ ಊಹೆ. ಇದನ್ನು ಒಮ್ಮೆ ಪರಿಷೆಯಲ್ಲಿ ಮಾರುತ್ತಿದ್ದ ಅಜ್ಜಿಯೊಬ್ಬರಿಗೆ ಹೇಳಿದೆವು. ಅವರು ಸೇರಿನಲ್ಲಿ ಕಾಯಿ ಅಳೆಯುತ್ತ, “ಹಂಗಾದ್ರೆ ಅದು ಅವರೇಕಾಯಿ ತಿಂದಿರಬೇಕು ಬುಡಿ ಸ್ವಾಮಿ” ಎಂದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಚಿಕ್ಕಬಳ್ಳಾಪುರ, ಕೋಲಾರ, ಮಾಗಡಿ, ತುಮಕೂರುಗಳ ಕಡೆಯಿಂದಲೂ, ಆಂಧ್ರ ತಮಿಳುನಾಡುಗಳಿಂದಲೂ ಮಾರುವವರು ಎರಡು ಮೂರು ದಿನ ಮುಂಚೆಯೇ ಬಂದು ಬುಲ್ ಟೆಂಪಲ್ ರಸ್ತೆಯ ಅಂಚಿನಲ್ಲಿ ಗೋಣಿ ಹಾಸುವರು. ರಾತ್ರಿ ಮಲಗುವುದೂ ಆ ರಾಶಿಯ ಪಕ್ಕದಲ್ಲಿಯೇ. ಕಾರ್ತಿಕದ ಚಳಿಯಲ್ಲಿ ಒಂದೊಂದು ಸಲ ಮಳೆಯೂ ಹಿಡಿಯುವುದುಂಟು, ನೆನೆದ ಕಾಯಿಯನ್ನು ಕೇಳುವವರಿಲ್ಲ. ಆದಕಾರಣ ಗೃಹಿಣಿಯರಲ್ಲಿ ನಮ್ಮದೊಂದು ಬಿನ್ನಹ. ದೊಡ್ಡ ಅಂಗಡಿಗಳಲ್ಲಿ ಚೀಟಿ ಅಂಟಿಸಿದ ಬೆಲೆಯನ್ನು ತುಟಿಪಿಟ್ಟೆನ್ನದೆ ಕೊಟ್ಟು ಬರುವ ನಾವು, ಇಲ್ಲಿ ಒಂದು ಸೇರಿಗೆ ಐದು ರೂಪಾಯಿಗಾಗಿ ಕಾಲು ಗಂಟೆ ಚೌಕಾಸಿ ಮಾಡುವುದು ಬೇಡ. ಹಸಿಯದನ್ನು ಕೊಂಡು ಮನೆಯಲ್ಲಿ ಉಪ್ಪು ಹಾಕಿ ಬೇಯಿಸಿದರೆ ರುಚಿಯೂ ಹೆಚ್ಚು. ಬಟ್ಟೆಯ ಚೀಲವನ್ನು ಮರೆಯದೆ ಒಯ್ಯತಕ್ಕದ್ದು. ಈಚಿನ ವರ್ಷಗಳಲ್ಲಿ ಪ್ಲಾಸ್ಟಿಕ್ ಚೀಲವನ್ನು ಬಿಡಿಸಲು ಬಹಳ ಪ್ರಯತ್ನ ನಡೆದಿರುವುದು. ಸಣ್ಣ ಮಕ್ಕಳಿರುವವರು ಬೆಳಿಗ್ಗೆ ಹತ್ತರೊಳಗೆ ಹೋಗಿ ಬಂದುಬಿಡಬೇಕು.

ಇನ್ನು ದಾನಧರ್ಮದ ವಿಚಾರ. ಆಹ್ವಾನಪತ್ರಿಕೆಗಳ ಕಂತೆಯಲ್ಲಿ ಅರ್ಧದಷ್ಟು ಇಂತಹವೇ: ನೋಟುಪುಸ್ತಕ ವಿತರಣೆ, ವಿದ್ಯಾರ್ಥಿವೇತನ ಪ್ರದಾನ, ಬಟ್ಟೆ ಸಂಗ್ರಹ, ಅನ್ನಸಂತರ್ಪಣೆ.

ನಮ್ಮ ತಂದೆಯವರು ಕೋಲಾರದ ಕಡೆಯ ಹಳ್ಳಿಯಿಂದ ಬಂದು 1940ರ ದಶಕದಲ್ಲಿ ಇಲ್ಲಿ ವಾರಾನ್ನ ಮಾಡಿಕೊಂಡು ಓದಿದವರು. ಈಗಿನ ಮಕ್ಕಳಿಗೆ ಆ ಶಬ್ದದ ಅರ್ಥವನ್ನು ಹೇಳಬೇಕಾಗುತ್ತದೆ. ಬಡ ವಿದ್ಯಾರ್ಥಿಯು ವಾರದ ಏಳು ದಿನ ಏಳು ಮನೆಗಳಲ್ಲಿ ಊಟ ಮಾಡುವ ಏರ್ಪಾಡದು. ಏಳು ಮನೆ ಸಿಕ್ಕದಿದ್ದವನಿಗೆ ಸಿಕ್ಕದ ದಿನ ಏಕಾದಶಿ. ತಂದೆಯವರು ಕೊನೆಯವರೆಗೂ ನೆನೆಯುತ್ತಿದ್ದುದು ಮಂಗಳವಾರದ ಮನೆಯ ತಾಯಿಯನ್ನು. ಹುಡುಗನು ಬಾಗಿಲಿಗೆ ಬಂದೊಡನೆ ಆಕೆ, “ಬಂದೆಯಾ, ಸದ್ಯ! ಬಾವಿಯಿಂದ ಒಂದು ಕೊಡ ನೀರು ಸೇದಿ ತುಳಸಿಗೆ ಹಾಕಪ್ಪ, ನನಗೆ ಸೊಂಟ ನೋವು” ಎನ್ನುತ್ತಿದ್ದಳಂತೆ. ಆಮೇಲೆಯೇ ಎಲೆ. ಆಕೆಗೆ ಸೊಂಟ ನೋವಿರಲಿಲ್ಲವೆಂಬುದು ತಂದೆಯವರಿಗೆ ತಿಳಿದದ್ದು ಎಷ್ಟೋ ವರ್ಷಗಳಾದ ಮೇಲೆ. ಉಳಿದ ಆರು ಮನೆಗಳಲ್ಲಿಯೂ ಅನ್ನವೇನೋ ಇತ್ತು.

ಈ ಕಥೆಯನ್ನು ಬಾಲ್ಯದಿಂದ ಕೇಳಿ ಬೆಳೆದ ನಾವು, ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯನ್ನು ವರ್ಷವರ್ಷವೂ ಪಾಠ ಹೇಳಿದ ನಾವು, ಮಾಡಿದ್ದೇನು? ಅಲ್ಲಿ ಗುರುವು ಶಿಷ್ಯನಿಗೆ ದಾನದ ವಿಧಾನವನ್ನು ಹೇಳುತ್ತ, ಲಜ್ಜೆಯಿಂದ ಕೊಡಬೇಕೆಂದು ಒಂದು ಮಾತನ್ನು ಸೇರಿಸಿರುವನು. ಲಜ್ಜೆ ಕೊಡುವವನಿಗೆ ಇರಬೇಕಾದದ್ದು. ಅದನ್ನು ನಾವು ಹುಡುಗರಿಗೆ ಚೆನ್ನಾಗಿಯೇ ವಿವರಿಸುತ್ತಿದ್ದೆವು.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಗಳವರ ಒಂದು ಚಿಕ್ಕ ಸಂಘದ ಕಾರ್ಯದರ್ಶಿತ್ವವು ನಮ್ಮ ಕೊರಳಿಗೆ ಬಿದ್ದಿತ್ತು. ನಲವತ್ತು ಮಕ್ಕಳಿಗೆ ನೋಟುಪುಸ್ತಕ ಹಂಚುವ ಸಮಾರಂಭ. ವೇದಿಕೆ, ಬಣ್ಣದ ಬಟ್ಟೆಯ ಫಲಕ, ಹಾರಗಳು, ಎಲ್ಲವೂ ಆದುವು. ಅತಿಥಿಗಳು ಬಂದದ್ದು ಒಂದೂವರೆ ಗಂಟೆ ತಡವಾಗಿ. ಅಲ್ಲಿಯವರೆಗೆ ಮಕ್ಕಳು ಬಿಸಿಲಿನಲ್ಲಿ ಸಾಲಾಗಿ ಕುಳಿತಿದ್ದರು. ಅನಂತರ ಒಬ್ಬೊಬ್ಬರ ಹೆಸರನ್ನೂ ತಂದೆಯ ಕಸುಬನ್ನೂ ಕೂಗಿ ಹೇಳಿ, ಅತಿಥಿಗಳ ಪಕ್ಕದಲ್ಲಿ ನಿಲ್ಲಿಸಿ, ಪುಸ್ತಕದ ಕಟ್ಟನ್ನು ಎದೆಯ ಮಟ್ಟಕ್ಕೆ ಹಿಡಿಸಿ ಛಾಯಾಚಿತ್ರ ತೆಗೆಸಿದೆವು. ಹೆಸರು ಕೂಗಿದವರು ನಾವೇ. ಎಂಟನೆಯ ತರಗತಿಯ ಒಬ್ಬ ಹುಡುಗನು ತಲೆ ತಗ್ಗಿಸಿ ನಿಂತಿದ್ದನು. “ತಲೆ ಎತ್ತೋ, ನಗು” ಎಂದವರೂ ನಾವೇ. ಆ ಚಿತ್ರಗಳು ಅಂದು ಸಂಜೆಗೇ ‘ಬಡ ವಿದ್ಯಾರ್ಥಿಗಳಿಗೆ ನೆರವು’ ಎಂಬ ತಲೆಬರಹದೊಡನೆ ಫೋನಿನಿಂದ ಫೋನಿಗೆ ಊರೆಲ್ಲ ಸುತ್ತಿದುವು.

ನಾಲ್ಕನೆಯ ದಿನ ಬೆಳಿಗ್ಗೆ ನಮ್ಮ ಜಗುಲಿಯ ಮೇಲೆ ಆ ಕಟ್ಟು, ದಾರ ಬಿಚ್ಚದೆ, ಹಾಗೆಯೇ ಇತ್ತು. ಸಂಜೆ ಹುಡುಗನ ತಾಯಿ ಬಂದಳು. ಗಾಂಧಿಬಜಾರಿನಲ್ಲಿ ಹೂ ಕಟ್ಟಿ ಮಾರುವವಳು, ಬುಟ್ಟಿಯೊಡನೆಯೇ ಬಂದಿದ್ದಳು. “ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಪುಸ್ತಕ ಬೇಕು, ಬೇಡ ಅನ್ನಾಕಿಲ್ಲ. ಆದ್ರೆ ಆ ಫೋಟೋನ ಅವನ ಕ್ಲಾಸಿನೋರೆಲ್ಲ ನೋಡವ್ರೆ. ಸ್ಕೂಲಿಗೇ ಹೋಗಾಕಿಲ್ಲ ಅಂತ ಕುಂತವ್ನೆ” ಎಂದಳು. ನಾವು ತಟ್ಟನೆ ತಪ್ಪೊಪ್ಪಿಕೊಂಡೆವೆಂದು ಬರೆಯಬೇಕೆಂದು ಆಸೆ. ಆದರೆ ನಡೆದದ್ದು ಹಾಗಲ್ಲ. ದಾನಿಗಳಿಗೆ ಲೆಕ್ಕ ತೋರಿಸಬೇಕಾಗುವುದೆಂದೂ, ಚಿತ್ರವಿಲ್ಲದೆ ಬರುವ ವರ್ಷ ಹಣ ಕೂಡುವುದಿಲ್ಲವೆಂದೂ ಆಕೆಗೆ ಹತ್ತು ನಿಮಿಷ ನ್ಯಾಯ ಹೇಳಿದೆವು. ಆಕೆ ಎಲ್ಲವನ್ನೂ ಕೇಳಿ, “ಸರಿ ಬುಡಿ” ಎಂದು ಬುಟ್ಟಿ ಎತ್ತಿಕೊಂಡು ಹೋದಳು. ಒಳಗಿನಿಂದ ಕೇಳುತ್ತಿದ್ದ ನಮ್ಮ ಮನೆಯವರು ಹೊರಗೆ ಬಂದು, “ಮಾವನವರು ಇದ್ದಿದ್ದರೆ ಇವತ್ತು ನಿಮಗೆ ಊಟ ಹಾಕಬೇಡ ಅನ್ನುತ್ತಿದ್ದರು” ಎಂದರು. ಆ ರಾತ್ರಿ ನಮಗೆ ಊಟ ಸೇರಲೂ ಇಲ್ಲ.

ಮರುದಿನ ಹುಡುಕಿಕೊಂಡು ಹೋಗಿ ತಾಯಿಯ ಮುಂದೆ ತಪ್ಪಾಯಿತೆಂದು ಹೇಳಿದೆವು. ಹುಡುಗನು ಒಳಗಿನಿಂದ ಹೊರಗೆ ಬರಲಿಲ್ಲ. ಎರಡು ವಾರಗಳ ಮೇಲೆ ಶಾಲೆಗೆ ಹೋಗಲಾರಂಭಿಸಿದನಂತೆ, ನಮ್ಮ ಕಣ್ಣಿಗೆ ಮಾತ್ರ ಬೀಳಲಿಲ್ಲ.

ಅಲ್ಲಿಂದೀಚೆಗೆ ನಮ್ಮ ಸಂಘದಲ್ಲಿ ಸಮಾರಂಭವಿಲ್ಲ. ಹಣವೆಷ್ಟು ಕೂಡಿತೋ ಅಷ್ಟಕ್ಕೆ ಪುಸ್ತಕ ಕೊಂಡು, ರಸೀದಿಯೊಡನೆ ಶಾಲೆಯ ತರಗತಿಯ ಉಪಾಧ್ಯಾಯರಿಗೆ ಒಪ್ಪಿಸಿಬಿಡುವೆವು. ಕೊಟ್ಟರೆ ತರಗತಿಗೆಲ್ಲ ಕೊಡುವರು, ಇಲ್ಲವಾದರೆ ಇಲ್ಲ. ಇದರಿಂದ ನಲವತ್ತು ಶಾಲೆಯ ಮಕ್ಕಳಿಗೆ ಬದಲಾಗಿ ಎರಡು ತರಗತಿಗಳಿಗೆ ಮಾತ್ರ ಸಾಕಾಗುವುದು, ಇಲ್ಲದವರ ಜೊತೆಗೆ ಇದ್ದವರಿಗೂ ಸಲ್ಲುವುದು ಎಂಬ ಆಕ್ಷೇಪಣೆಯುಂಟು. ಆಕ್ಷೇಪಣೆ ಸರಿಯಾದುದೇ. ಹಿಂದೆ ಅತಿ ಹೆಚ್ಚು ಕೊಡುತ್ತಿದ್ದ ಮಹನೀಯರೊಬ್ಬರು ಕೊಡುವುದನ್ನು ನಿಲ್ಲಿಸಿದರು. ಅವರ ಜಾಗ ಇನ್ನೂ ಪೂರ್ತಿಯಾಗಿ ತುಂಬಿಲ್ಲ.

ಹೀಗಿರಲಾಗಿ, ಬರುವ ತಿಂಗಳುಗಳಲ್ಲಿ ದಾನದ ಕರೆ ಬಂದಾಗ ವಾಚಕರು ಕಾರ್ಯಕ್ರಮದ ಪಟ್ಟಿಯನ್ನು ಒಮ್ಮೆ ಓದಿ, ಕೊಳ್ಳುವವರನ್ನು ವೇದಿಕೆಗೆ ಕರೆಯುವರೇ ಎಂದು ವಿಚಾರಿಸಲಿ. ಕರೆಯುವುದಾದರೆ ಬೇಡವೆನ್ನುವ ಹಕ್ಕು ದಾನಿಗೆ ಉಂಟು. ಬಟ್ಟೆ ಸಂಗ್ರಹಕ್ಕೆ ಕೊಡುವವರು ಒಗೆದು, ಮಡಿಸಿ, ಗುಂಡಿ ಹಾಕಿ ಕೊಡತಕ್ಕದ್ದು. ಗುಂಡಿ ಕಿತ್ತ ಅಂಗಿಯನ್ನು ಕೊಟ್ಟವರು ಕೊಟ್ಟದ್ದು ದಾನವಲ್ಲ, ಕಪಾಟಿನ ಕಸವೆಂದು ನಮ್ಮ ಮನೆಯವರ ಮತ.

ವಿಜಯದಶಮಿಯ ಮರುದಿನದಿಂದ ಹತ್ತನೆಯ ತರಗತಿಯ ಪರೀಕ್ಷೆಯವರೆಗೆ, ಭಾನುವಾರವೊಂದನ್ನು ಬಿಟ್ಟು, ಸಂಜೆ ಆರರಿಂದ ಎಂಟರವರೆಗೆ ನಾವೂ ಇನ್ನಿಬ್ಬರು ನಿವೃತ್ತರೂ ಪಾಠ ಹೇಳುವ ವಾಡಿಕೆಯಿದೆ. ಸಂಸ್ಕೃತವನ್ನೂ ಕನ್ನಡವನ್ನೂ ನಾವು ನೋಡಿಕೊಳ್ಳುವೆವು. ಗಣಿತಕ್ಕೆ ಒಬ್ಬರು ತಾಯಿ ಬರುತ್ತಿದ್ದಾರೆ. ವಿಜ್ಞಾನ ಹೇಳುತ್ತಿದ್ದವರು ಈ ವರ್ಷ ಮಗನ ಊರಿಗೆ ಹೊರಟಿರುವುದರಿಂದ ಆ ಕುರ್ಚಿ ಬರಿದಾಗಿರುವುದು. ಇಂತಹ ಜಗುಲಿಯ ಪಾಠಗಳು ಈ ಊರಿನಲ್ಲಿ ನಮ್ಮದೊಂದೇ ಅಲ್ಲ, ವಾಚಕರ ಬೀದಿಯಲ್ಲಿಯೂ ಇದ್ದೀತು. ವಾರಕ್ಕೆ ಎರಡು ಸಂಜೆ ಬಿಡುವಾಗಿರುವ ವಿಜ್ಞಾನದ ಪದವೀಧರರು, ಅದರಲ್ಲಿಯೂ ಮನೆಯಲ್ಲಿಯೇ ಉಳಿದಿರುವ ಹೆಣ್ಣುಮಕ್ಕಳು, ಕೇಳಿನೋಡಿದರೆ ಬೇಡವೆನ್ನುವವರು ಇರಲಾರರು.

ಕೊನೆಯದಾಗಿ ಚೈತ್ರ. ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿಯ ಗುಡಿಯಿಂದ ಕರಗವು ಹೊರಟು ತವಕ್ಕಲ್ ಮಸ್ತಾನರ ದರ್ಗಾಕ್ಕೆ ಹೋಗಿ ಬರುವುದನ್ನು ನೋಡಬೇಕೆಂಬವರು ನಿದ್ದೆಯನ್ನು ಬಿಡಬೇಕು. ಅದಕ್ಕೂ ಮುಂಚೆ ರಾಮನವಮಿ. ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಎಸ್. ವಿ. ನಾರಾಯಣಸ್ವಾಮಿರಾಯರು 1939ರಲ್ಲಿ ಆರಂಭಿಸಿದ ಶ್ರೀರಾಮಸೇವಾ ಮಂಡಳಿಯ ಸಂಗೀತೋತ್ಸವವು ಒಂದು ತಿಂಗಳಿಗೂ ಮಿಕ್ಕಿ ನಡೆಯುವುದುಂಟು. ಎಂ. ಎಸ್. ಸುಬ್ಬುಲಕ್ಷ್ಮಿಯವರು ಹಾಡಿದ ಚಪ್ಪರವದು. ಚೀಟಿ ಕೊಂಡು ಒಳಗೆ ಕೂರುವವರು ಕೂರಲಿ. ರಸ್ತೆಯ ಬದಿಯಲ್ಲಿ ಕಾಗದ ಹಾಸಿ ಕುಳಿತು, ತಾಳ ಹಾಕುತ್ತ ಕೇಳುವವರದೇ ಒಂದು ಸಭೆ. ಮೇಷ್ಟರುಗಳು ಬಹುಕಾಲದಿಂದ ಆ ಸಭೆಯ ಸದಸ್ಯರು.

ಕಳೆದ ರಾಮನವಮಿಯ ಸಂಜೆ ಚಾಮರಾಜಪೇಟೆಯ ಒಂದು ತಿರುವಿನಲ್ಲಿ ಹುಡುಗರು ಚಪ್ಪರ ಹಾಕಿ ಪಾನಕ, ಕೋಸಂಬರಿ, ನೀರುಮಜ್ಜಿಗೆ ಕೊಡುತ್ತಿದ್ದರು. ಹೋಗಿ ಬರುವವರನ್ನೆಲ್ಲ ಕೂಗಿ ಕರೆಯುತ್ತಿದ್ದರು. ಪಾನಕದ ಕೊಳಗದ ಮುಂದೆ ನಿಂತಿದ್ದವನು ಆ ಹುಡುಗನೇ. ಎತ್ತರವಾಗಿದ್ದಾನೆ, ಮೀಸೆ ಚಿಗುರಿದೆ. ನಮ್ಮನ್ನು ಗುರುತು ಹಿಡಿದನೋ ಇಲ್ಲವೋ ತಿಳಿಯದು, ನಾವೂ ಕೇಳಲಿಲ್ಲ. ಸೌಟನ್ನು ಮುಳುಗಿಸಿ, ಏಲಕ್ಕಿ ತಳದಲ್ಲಿ ಉಳಿಯದಂತೆ ಒಮ್ಮೆ ತಿರುವಿ, ಲೋಟವನ್ನು ಅಂಚಿನವರೆಗೆ ತುಂಬಿ ಕೊಟ್ಟನು. ನಾವು ಎರಡು ಕೈಗಳಿಂದಲೂ ತೆಗೆದುಕೊಂಡೆವು.